ಬಿಸಿಲೇರಿದಾಗ ದೀಪ ದೊಡ್ಡದು ಮಾಡಬೇಕು

ಬೆಂಕಿ ಹಚ್ಚಿದರೆ ನೀರು ಕಾಯಬೇಕು. ನಮ್ಮ ಪೆಟ್ಟಿಗೆಯಲ್ಲಿ ಕೆಳಗೆ ಬೆಂಕಿ ಹಚ್ಚಿದರೆ ಮೇಲೆ ನೀರು ಕಲ್ಲಾಗುತ್ತಿತ್ತು.

ಅದನ್ನು ನಾನು ಮೊದಲು ನೋಡಿದ್ದು ಬೆಟಗೇರಿಯಲ್ಲಿ, ಸ್ಟೋವು ಮತ್ತು ಗ್ಯಾಸ್‌ಬತ್ತಿ ರಿಪೇರಿ ಮಾಡುವ ಒಂದು ಅಂಗಡಿಯ ಹಿಂದಿನ ಅಂಗಳದಲ್ಲಿ. ಆ ದಿನವನ್ನು ನೆನೆದಾಗಲೆಲ್ಲ ಮಾವಿನ ಹೂವಿನ ವಾಸನೆ ಬರುತ್ತದೆ. ಆದರೆ ಆ ಓಣಿಯಲ್ಲಿ ಮಾವಿನ ಮರ ಇರಲಿಲ್ಲ. ಮಗ್ಗಗಳಿದ್ದವು, ನೂಲಿಗೆ ಹಾಕುವ ಗಂಜಿಯ ಹುಳಿ ವಾಸನೆ ಇತ್ತು. ಮಾವಿನ ಹೂವು ಆಮೇಲೆ ಎಲ್ಲಿಂದಲೋ ಬಂದು ಸೇರಿಕೊಂಡಿದೆ. ಅದನ್ನು ಬಿಡುತ್ತೇನೆ. ಬೆಂಕಿಯನ್ನೂ ಬರ್ಫವನ್ನೂ ಇಟ್ಟುಕೊಳ್ಳುತ್ತೇನೆ, ಏಕೆಂದರೆ ಅವೆರಡನ್ನೂ ಮುಟ್ಟಿ ನೋಡಿದ್ದೇನೆ.

ಪೆಟ್ಟಿಗೆ ಬೇಕಾಗಿದ್ದು ವೈನಿಗೆ, ಅಂದರೆ ನನ್ನ ಅಣ್ಣನ ಹೆಂಡತಿಗೆ. ಆಕೆಗೆ ಹತ್ತೊಂಬತ್ತನೆಯ ವಯಸ್ಸಿನಿಂದ ಸಕ್ಕರೆ ಕಾಯಿಲೆ. ಮುಂಜಾನೆ ಒಂದು, ಸಂಜೆ ಒಂದು, ದಿನಕ್ಕೆ ಎರಡು ಸಲ ತಾನೇ ತೊಡೆಗೆ ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದಳು. ಔಷಧದ ಬಾಟಲಿ ಗದಗಿನ ನಮ್ಮ ಮನೆಯ ದೇವರ ಕೋಣೆಯಲ್ಲಿ, ಹಸಿ ಮರಳು ತುಂಬಿದ ಮಣ್ಣಿನ ಕುಡಿಕೆಯಲ್ಲಿ ಇರುತ್ತಿತ್ತು. ಮನೆಯಲ್ಲಿ ಅದೇ ತಂಪಾದ ಜಾಗ. ಮದುವೆಯಾಗಿ ಬಂದ ಮೇಲೆ ವೈನಿ ಆ ಕುಡಿಕೆಯನ್ನು ಬಿಟ್ಟು ಒಂದು ಹಗಲಿಗಿಂತ ಹೆಚ್ಚು ದೂರ ಇದ್ದವಳಲ್ಲ.

ಏಕೀಕರಣಕ್ಕೆ ಮೊದಲಿನ ಬೇಸಿಗೆ ಅದು. ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸುತ್ತಿದ್ದ ವೈನಿಗೆ ಹೊಸದೊಂದು ಕೆಲಸ ಬಂತು. ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿ ಕಡೆಯ ಹೆಣ್ಣುಮಕ್ಕಳ ಶಾಲೆಗಳನ್ನು ಒಂದೂವರೆ ತಿಂಗಳು ತಿರುಗಿ ನೋಡಿ ವರದಿ ಬರೆಯಬೇಕು. ಶಿರಹಟ್ಟಿ, ಲಕ್ಷ್ಮೇಶ್ವರಗಳು ಕೆಲವೇ ವರ್ಷಗಳ ಹಿಂದಿನವರೆಗೆ ಸಂಸ್ಥಾನಿಕರ ಕೈಯಲ್ಲಿದ್ದವು. ಅಲ್ಲಿ ಹಾಜರಿ ಪುಸ್ತಕ ಮರಾಠಿಯಲ್ಲಿ, ಹುಡುಗಿಯರ ಮಾತು ಕನ್ನಡದಲ್ಲಿ. ಅವರು ಏನು ಓದುತ್ತಾರೆ, ಓದಿದ್ದು ಎಷ್ಟು ತಿಳಿಯುತ್ತದೆ ಎಂದು ಕಣ್ಣಾರೆ ನೋಡುವ ಆಸೆ ವೈನಿಗೆ ಬಹಳ ಇತ್ತು.

ಡಾಕ್ಟರು ಬೇಡವೆಂದರು. ಮನೆಯ ಹಸಿ ಮರಳಿನಲ್ಲಿ ನಡೆದೀತು, ಬಿಸಿಲಲ್ಲಿ ಊರೂರು ಹೊತ್ತು ತಿರುಗಿದರೆ ಔಷಧ ಸತ್ತುಹೋಗುತ್ತದೆ ಅಂದರು. ಅವರು ಹೇಳಿದ ಇನ್ನೊಂದು ಮಾತು ನನ್ನನ್ನು ಬಹಳ ದಿನ ಕಾಡಿತು: ಸತ್ತ ಔಷಧ ನೋಡಲು ಬದುಕಿದ ಔಷಧದಂತೆಯೇ ಇರುತ್ತದೆ.

"ಹಂಗಾರ ನಾ ಈ ಕುಡಿಕಿಗೆ ಕಟ್ಟಿದ ಆಕಳೇನ್ರಿ?" ಎಂದು ವೈನಿ ಕೇಳಿದಳು.

ಹಗ್ಗ ಬಿಚ್ಚಿದ್ದು ಎರಡು ಹಳೆಯ ಸಾಮಾನು. ಸೋದರಮಾವನ ಹತ್ತಿ ಗಿರಣಿಯ ಶೆಡ್ಡಿನಲ್ಲಿ ಯುದ್ಧ ಮುಗಿದ ಮೇಲೆ ಹರಾಜಿಗೆ ಬಂದ ಮಿಲಿಟರಿ ಆಂಬುಲೆನ್ಸ್ ಒಂದು ನಿಂತಿತ್ತು. ಅದನ್ನು ಓಡಿಸಲು ನಾನು ಗಿರಣಿಯ ಬಯಲಿನಲ್ಲೇ ಕಲಿತಿದ್ದೆ. ಅದೇ ಶೆಡ್ಡಿನ ಮೂಲೆಯಲ್ಲಿ, ಸ್ವಾತಂತ್ರ್ಯ ಬಂದಾಗ ಊರು ಬಿಟ್ಟುಹೋದ ಹತ್ತಿ ವ್ಯಾಪಾರದ ಬಿಳಿಯ ಸಾಹೇಬನೊಬ್ಬನ ಬಂಗಲೆಯಿಂದ ಬಂದ ಬಿಳಿ ಪೆಟ್ಟಿಗೆ ಇತ್ತು. ವಿದ್ಯುತ್ತು ಬೇಡದ, ಸೀಮೆಎಣ್ಣೆಯ ದೀಪದಿಂದ ನಡೆಯುವ ತಂಪು ಪೆಟ್ಟಿಗೆ. ಆವರೆಗೆ ಗಿರಣಿಯವರು ಅದರಲ್ಲಿ ಇಲಿ ಮುಟ್ಟದ ಹಾಗೆ ಬೆಲ್ಲ ಇಡುತ್ತಿದ್ದರು.

ವೈನಿ ಎರಡನ್ನೂ ನೋಡಿ ಬಂದವಳು ಅಣ್ಣನ ಮುಂದೆಯೂ ಡಾಕ್ಟರ ಮುಂದೆಯೂ ಒಂದೇ ಮಾತು ಕೊಟ್ಟಳು. ಔಷಧ ಒಮ್ಮೆ ಸತ್ತರೆ ಅವತ್ತೇ ಮನೆಗೆ ತಿರುಗುತ್ತೇನೆ, ಕೆಲಸ ಬಿಡುತ್ತೇನೆ, ಮತ್ತೆಂದೂ ಈ ಮಾತು ಎತ್ತುವುದಿಲ್ಲ. ಅಣ್ಣ ರೈಲ್ವೆಯಲ್ಲಿದ್ದ, ವಾರಕ್ಕೆ ಎರಡು ದಿನ ಮನೆಯಲ್ಲಿರುತ್ತಿದ್ದ. ಆತ ಹೂಂ ಅಂದ. ಸೊಸೆ ಒಬ್ಬಳೇ ಮೈದುನನ ಜೊತೆ ಊರೂರು ತಿರುಗುವುದು ಹೇಗೆಂದು ಅವ್ವ ತಾನೂ ಗಂಟು ಕಟ್ಟಿದಳು.

ಹೀಗೆ ಪೆಟ್ಟಿಗೆ ಬೆಟಗೇರಿಗೆ ಬಂತು. ರಿಪೇರಿಯ ಮೇಸ್ತ್ರಿಯನ್ನು ಇಡೀ ಓಣಿ ಚಾಚಾ ಎನ್ನುತ್ತಿತ್ತು, ನಾವೂ ಹಾಗೇ ಅಂದೆವು. ಚಾಚಾ ಅಂಥದ್ದನ್ನು ಹಿಂದೆ ಒಮ್ಮೆ ಮಾತ್ರ ನೋಡಿದ್ದರು. ಅದರ ಬೆನ್ನ ಹಿಂದಿನ ಕಪ್ಪು ಕೊಳವೆಗಳ ಮೇಲೆ ಕೈ ಆಡಿಸಿ, ತಟ್ಟಿ, ಕಿವಿಗೊಟ್ಟು ಕೇಳಿದರು. ದೀಪ ಹಚ್ಚಿ ಅರ್ಧ ದಿನ ಕಾದರು. ಪೆಟ್ಟಿಗೆ ತಣ್ಣಗಾಗಲಿಲ್ಲ. ಮರುದಿನ ನಾನು ಹೋದಾಗ ಅದು ತಲೆಕೆಳಗಾಗಿ ನಿಂತಿತ್ತು.

"ಇದೇನ್ರಿ ಚಾಚಾ?"

"ಶೀರ್ಷಾಸನ. ಸಾಹೇಬ ಹೋದಾಗಿಂದ ಒಂದ ಕಡೆ ನಿಂತ ನಿಂತ ಕೈಕಾಲು ಜೋಮು ಹಿಡದಾವು. ಒಳಗಿನ ನೀರು ಒಂದ ಮೂಲ್ಯಾಗ ಕುಂತೈತಿ. ನಾಳಿ ಸಂಜಿಗೆ ಇಳಸ್ತೀನಿ. ಆಮ್ಯಾಲೂ ಅರ್ಧಾ ದಿನ ಸುಮ್ನ ನಿಲ್ಲಬೇಕು. ತಲಿ ತಿರಗತಿರತೈತಲ್ಲ ಅದಕ್ಕ."

ಅವರು ತಮಾಷೆ ಮಾಡುತ್ತಿದ್ದಾರೆಂದು ತಿಳಿದೆ. ಅಲ್ಲ. ಇಳಿಸಿ ನಿಲ್ಲಿಸಿ ದೀಪ ಹಚ್ಚಿದ ಮರುದಿನ ಮುಂಜಾನೆ ಚಾಚಾ ಬಾಗಿಲು ತೆರೆದರು. ನಾನು, ವೈನಿ, ಅವ್ವ ಮೂವರೂ ಅಲ್ಲಿದ್ದೆವು. ತಗಡಿನ ತಟ್ಟೆಯಲ್ಲಿ ಹಿಂದಿನ ದಿನ ಹುಯ್ದಿಟ್ಟ ಬೆಟಗೇರಿಯ ಬಾವಿ ನೀರು ಕಲ್ಲಾಗಿತ್ತು. ವೈನಿ ಅದರ ಮೇಲೆ ಅಂಗೈ ಒತ್ತಿ ಹಿಡಿದಳು, ತೆಗೆಯಲೇ ಇಲ್ಲ. ಕೈ ಮರಗಟ್ಟಿ ಕೆಂಪಾಯಿತು. ನಾನು ಬಗ್ಗಿ ಕೆಳಗೆ ನೋಡಿದೆ. ಅಲ್ಲಿ ಬೆರಳಗಲದ ನೀಲಿ ಜ್ವಾಲೆ, ಸದ್ದಿಲ್ಲ, ಅಲುಗಾಟವಿಲ್ಲ. ಯಂತ್ರ ಅಂದರೆ ತಿರುಗಬೇಕು, ಕುಟ್ಟಬೇಕು, ಗಿರಣಿಯಂತೆ ಮೈ ನಡುಗಿಸಬೇಕು ಎಂದುಕೊಂಡಿದ್ದವನು ನಾನು. ಇಲ್ಲಿ ಏನೂ ತಿರುಗುತ್ತಿರಲಿಲ್ಲ. ಎರಡು ಮೊಳ ಕೆಳಗೆ ಬೆಂಕಿ, ಎರಡು ಮೊಳ ಮೇಲೆ ಬರ್ಫ, ನಡುವೆ ಮೌನ.

ಅವ್ವ ಒಂದು ಸಲ ಕೆಳಗೆ, ಒಂದು ಸಲ ಮೇಲೆ ನೋಡಿದಳು. "ಹಣ್ಯಾಗ ಬೆಂಕಿ, ತಲಿ ಮ್ಯಾಲ ಗಂಗಿ. ಇದು ನಮ್ಮಪ್ಪ ಶಿವನ ಪೆಟಗಿ," ಎಂದು ಕೈ ಮುಗಿದಳು.

"ಹೌದ್ರಿ ಅಮ್ಮಾ," ಚಾಚಾ ಅಂದರು. "ಖರೆ, ಒಳಗ ಇರೂದು ನವಸಾಗರದ ಸತ್ವ. ನಾವು ಕಲಾಯಿ ಮಾಡಾಕ ಹಾಕ್ತೀವಲ್ಲ, ಮೂಗಿಗೆ ಹೊಡಿತೈತಲ್ಲ, ಅದರ ಹವಾ. ಬೆಂಕಿ ಅದನ್ನ ಮ್ಯಾಲಕ್ಕ ಓಡಸತೈತಿ. ಹಿಂದ ಗಾಳಿಗೆ ತಣದು ನೀರಾಕ್ಕೈತಿ. ಆ ನೀರು ಪೆಟಗಿ ಒಳಗ ಬಂದು ಮತ್ತ ಹವಾ ಆಗೂ ಮುಂದ ಒಳಗಿನ ಕಾವು ಹೊತಗೊಂಡ ಹೋಕ್ಕೈತಿ. ಬೆಂಕಿ ದೂಡತೈತಿ, ಇದು ತಿರಗತೈತಿ. ಅಷ್ಟ."

ಅಷ್ಟೇ ಎಂದರೂ ಅವರ ದನಿಯಲ್ಲಿ ಅಷ್ಟೇ ಇರಲಿಲ್ಲ. ನನಗಂತೂ ಈಗಲೂ ಅದು ಅಷ್ಟೇ ಆಗಿಲ್ಲ.

ಬಂಗಲೆಯಲ್ಲಿ ನಿಲ್ಲಲು ಹುಟ್ಟಿದ ಪೆಟ್ಟಿಗೆಯನ್ನು ಗಾಡಿಯಲ್ಲಿ ನಿಲ್ಲಿಸಲು ಚಾಚಾ ಹತ್ತೋ ಹನ್ನೆರಡೋ ದಿನ ತೆಗೆದುಕೊಂಡರು. ಕಾಲುಗಳಡಿ ಹಳೆ ಟೈರಿನ ತುಂಡು ಕೊಟ್ಟು ನೆಲಕ್ಕೆ ಬೋಲ್ಟು ಹಾಕಿದರು. ಕುಲುಕಿದರೂ ಎಣ್ಣೆ ಚೆಲ್ಲದಂತೆ ದೀಪದ ಎಣ್ಣೆಡಬ್ಬಿಯ ಒಳಗೆ ತೂತಿನ ತಗಡಿನ ಅಡ್ಡಗೋಡೆ ಬೆಸೆದರು. ನಾವು ಮಲಗುವ ಜಾಗಕ್ಕೂ ದೀಪಕ್ಕೂ ನಡುವೆ ತಗಡಿನ ಮರೆ ಕಟ್ಟಿದರು. ದೀಪಕ್ಕೆ ಗಾಳಿ ಗಾಡಿಯ ನೆಲದ ತೂತಿನಿಂದ ಬರಬೇಕು, ಹೊಗೆ ಮಾಡಿನ ಕೊಳವೆಯಿಂದ ಹೋಗಬೇಕು, ನಮ್ಮ ಉಸಿರಿಗೂ ದೀಪದ ಉಸಿರಿಗೂ ಸಂಬಂಧ ಇರಬಾರದು. ಅದಾಗಿದೆಯೋ ಇಲ್ಲವೋ ನೋಡಲು ಅವರು ಬಾಗಿಲು ಹಾಕಿ ಊದಿನಕಡ್ಡಿ ಹಚ್ಚಿ ಮರೆಯ ಸಂದುಗಳುದ್ದಕ್ಕೂ ಹಿಡಿದರು. ಎರಡು ಕಡೆ ಹೊಗೆ ನಮ್ಮತ್ತ ಬಾಗಿತು. ಮತ್ತೆ ಬೆಸುಗೆ ಹಾಕಿದರು, ಮತ್ತೆ ಊದಿನಕಡ್ಡಿ ಹಿಡಿದರು. ಹೊಗೆ ಮರೆಯತ್ತ ತಿರುಗದೆ ಕಡ್ಡಿಯ ಮೇಲೆ ನೆಟ್ಟಗೆ ಎದ್ದ ಮೇಲೆಯೇ ಬಾಗಿಲು ತೆರೆದದ್ದು.

"ಗಾಡಿ ಓಡಾಗ ಬರ್ನರ್ ಬಂದ್," ಅವರು ಬೆರಳು ಮಡಚಿದರು. "ಪೆಟ್ರೋಲ್ ಹಾಕೂ ಮುಂದ ಬಂದ್. ಜ್ವಾಲಿ ನೀಲಿ ಇರಬೇಕು, ಹಳದಿ ಆತಂದ್ರ ಮಸಿ ಹಿಡದೈತಿ. ಮಕ್ಕೊಳ್ಳಾಗ ಹಿಂದಿನ ಬಾಗಲಾ ಗೇಣು ತೆರದಿರಬೇಕು. ಮೂಗಿಗೆ ನವಸಾಗರ ಹೊಡೀತು ಅಂದ್ರ ಏನೂ ಹುಡಕಬ್ಯಾಡ್ರಿ. ಎದ್ದು ಓಡ್ರಿ."

ಮೊದಲ ಪರೀಕ್ಷೆಗೆ ಕುರ್ತಕೋಟಿಗೆ ಹೋದೆವು. ಬೇಸಿಗೆಯ ಎರೆ ನೆಲ, ಮಳೆಗಾಲದ ಚಕ್ಕಡಿಯ ಗಾಲಿಗುರುತು ಹಾಗೇ ಒಣಗಿ ಕಲ್ಲಾಗಿತ್ತು. ಗಾಡಿ ನಿಲ್ಲಿಸಿ ದೀಪ ಹಚ್ಚಿದೆವು. ಪೆಟ್ಟಿಗೆ ಬಿಸಿಯಾಯಿತೇ ಹೊರತು ತಣ್ಣಗಾಗಲಿಲ್ಲ. ಚಾಚಾ ಗೌಂಡಿಯ ರಸಮಟ್ಟ ತಂದು ಪೆಟ್ಟಿಗೆಯ ಮೇಲಿಟ್ಟರು. ನೀರಗುಳ್ಳೆ ಒಂದು ಬದಿಗೆ ಓಡಿಹೋಯಿತು. ಒಳಗಿನ ನೀರು ತಾನಾಗಿ ಇಳಿದು ತಿರುಗಬೇಕು, ಓರೆಯಾದರೆ ದಾರಿ ತಪ್ಪುತ್ತದೆ. ಅಂದಿನಿಂದ ಎಲ್ಲಿ ನಿಂತರೂ ಗಾಲಿಯ ಕೆಳಗೆ ಚಪ್ಪಡಿ ಕಲ್ಲು ಕೊಟ್ಟು, ಗುಳ್ಳೆ ನಡುವಿಗೆ ಬಂದ ಮೇಲೆಯೇ ದೀಪ ಹಚ್ಚುತ್ತಿದ್ದೆವು. ಭೂಮಿಯ ಮೇಲೆ ಸಮವಾದ ಜಾಗ ಎಷ್ಟು ಕಡಿಮೆ ಎಂದು ನನಗೆ ತಿಳಿದದ್ದು ಆಗ. ಕಣ್ಣಿಗೆ ಹಲಗೆಯಂತೆ ಕಾಣುವ ಕಳಸಾಪುರದ ಬಯಲು ಕೂಡ ಆ ಗುಳ್ಳೆಯನ್ನು ನಡುವೆ ನಿಲ್ಲಿಸಲಿಲ್ಲ.

ಇಷ್ಟಾದ ಮೇಲೆ ನನ್ನ ಕೆಲಸ. ಪೆಟ್ಟಿಗೆಯ ಜೊತೆ ಬಂದ ಇಂಗ್ಲಿಷ್ ಪುಸ್ತಿಕೆಯನ್ನು, ಚಾಚಾ ಹೇಳಿದ್ದನ್ನು ಸೇರಿಸಿ ಏಳು ಸೂಚನೆ ಬರೆದು ಬಾಗಿಲಿಗೆ ಅಂಟಿಸಿದೆ. ಆಗ ನಾನು ಹೊಸ ಬಗೆಯ ಪದ್ಯ ಬರೆಯುತ್ತಿದ್ದೆ. ನಾಡು ಒಂದಾಗುವ ಹೊತ್ತಿನಲ್ಲಿ ನಮ್ಮ ಯಂತ್ರಗಳೂ ಕನ್ನಡ ಮಾತಾಡಬೇಕೆಂಬ ಹಟ ಬೇರೆ. ಬರ್ನರ್ ಎಂಬ ಶಬ್ದ ಬರೆಯಲು ಒಪ್ಪಲಿಲ್ಲ. ಪುಸ್ತಿಕೆಯ ಪ್ರಕಾರ ಸೆಕೆ ಹೆಚ್ಚಾದಾಗ ಜ್ವಾಲೆಯನ್ನು ಹೆಚ್ಚಿಸಬೇಕು. ಹೆಚ್ಚು ಬೆಂಕಿ, ಹೆಚ್ಚು ತಂಪು. ಐದನೆಯ ಸೂಚನೆಯಾಗಿ ಬರೆದೆ: ಬಿಸಿಲೇರಿದಾಗ ದೀಪ ದೊಡ್ಡದು ಮಾಡಬೇಕು.

ಚಾಚಾಗೆ ಓದಿ ಹೇಳಿದೆ. ಅವರು ಗಡ್ಡ ಕೆರೆದುಕೊಂಡರು. "ಬತ್ತಿ ಏರಸು ಅಂತ ಬರಿಯಲ್ಲ, ಬೇಟಾ."

"ಇದು ಚಂದ ಐತಿ, ಚಾಚಾ."

"ಚಂದ ಐತಿ ಬಿಡು," ಎಂದು ತಮ್ಮ ಕೆಲಸಕ್ಕೆ ತಿರುಗಿದರು. ಅವರಿಗೆ ಏನೋ ಅನಿಸಿತ್ತೇ? ಈಗ ಹಾಗೆ ತೋರುತ್ತದೆ. ಆಮೇಲೆ ಆದದ್ದು ಗೊತ್ತಿರುವುದರಿಂದ ಹಾಗೆ ತೋರುತ್ತಿದ್ದರೂ ಇರಬಹುದು.

ಶಿರಹಟ್ಟಿಯಲ್ಲಿ ಎಂಟು ದಿನ, ಲಕ್ಷ್ಮೇಶ್ವರದಲ್ಲಿ ಹತ್ತು ದಿನ. ಬೆಳಗಿನ ಶಾಲೆಗಳ ಕಾಲ. ವೈನಿ ಚುಚ್ಚಿಕೊಂಡು, ತೂಗಿದಂತೆ ಒಂದೂವರೆ ರೊಟ್ಟಿ ತಿಂದು, ಏಳಕ್ಕೆ ಹೊರಡುತ್ತಿದ್ದಳು. ತಿರುಗಿ ಬಂದು ವರದಿ ಬರೆಯುತ್ತಿದ್ದಳು. ಪೆಟ್ಟಿಗೆಯಲ್ಲಿ ಔಷಧದ ಮೂರು ಬಾಟಲಿ ಸಾಲಾಗಿ ತಣ್ಣಗೆ ಕುಳಿತಿದ್ದವು. ಹೊರಗೆ ಕಬ್ಬಿಣ ಮುಟ್ಟಿದರೆ ಸುಡುವ ಬಿಸಿಲು. ಬಾಗಿಲು ತೆರೆದರೆ ಮುಖಕ್ಕೆ ಇನ್ನೊಂದು ಋತು ಬಡಿಯುತ್ತಿತ್ತು. ದಿನಕ್ಕೆ ಹತ್ತು ಸಲ ನೆವ ಮಾಡಿಕೊಂಡು ತೆರೆಯುತ್ತಿದ್ದೆ, ವೈನಿಯಿಂದ ಬೈಸಿಕೊಳ್ಳುತ್ತಿದ್ದೆ.

"ಮುಚ್ಚೋ ಕವಿ. ನನ್ನ ಜೀವ ಐತಿ ಅದರಾಗ. ನಿನ್ನ ಸ್ಫೂರ್ತಿಗೆ ಇಟ್ಟಿಲ್ಲ."

ಆ ದಿನಗಳಲ್ಲೇ ಅವ್ವ ಓದಲು ಕಲಿತಳು. ಕಲಿಸಿದವಳು ವೈನಿ. ಗದಗಿನಲ್ಲಿ ಪಾಟಿ ಹಿಡಿದು ಕೂತಾಗ ನಾಚುತ್ತಿದ್ದ ಅವ್ವನಿಗೆ ಗಾಡಿಯಲ್ಲಿ ನಾಚಿಕೆ ಹೋಯಿತು, ನೋಡುವವರಿರಲಿಲ್ಲ. ಓದಲು ಪುಸ್ತಕ ಹುಡುಕುವ ಗೊಡವೆ ಇರಲಿಲ್ಲ, ಕಣ್ಣೆದುರಿಗೇ ನನ್ನ ಏಳು ಸೂಚನೆ ಇದ್ದವು. ದಿನಕ್ಕೊಂದು ಸಾಲು, ಬೆರಳಿಟ್ಟು, ಅಕ್ಷರಕ್ಕೆ ಅಕ್ಷರ ಕೂಡಿಸಿ ಓದುತ್ತಿದ್ದಳು. ಐದನೆಯ ಸಾಲನ್ನು ನಮ್ಮ ಮುಂದೆ ಓದಿದ್ದಳೋ ಇಲ್ಲವೋ, ಓದಿದ್ದರೆ ನಾವು ಯಾರೂ ಏಕೆ ಬೆಚ್ಚಲಿಲ್ಲವೋ ನನಗೆ ನೆನಪಿಲ್ಲ. ಮಧ್ಯಾಹ್ನ ಬತ್ತಿ ಏರಿಸುವ ಕೆಲಸವನ್ನು ಅಲ್ಲಿಯವರೆಗೆ ನಾನೇ ಮಾಡುತ್ತಿದ್ದೆ.

ಕಪ್ಪತಗುಡ್ಡವನ್ನು ಬಳಸಿ ಮುಂಡರಗಿಗೆ ಬಂದೆವು. ಊರ ಅಂಚಿನಲ್ಲಿ ಒಂದು ಬೇವಿನ ಮರದ ಕೆಳಗೆ ಗಾಡಿ ನಿಂತಿತು. ಗುಳ್ಳೆ ನಡುವಿಗೆ ಬಂತು, ದೀಪ ಹಚ್ಚಿದೆವು. ಮೂರನೆಯ ದಿನ ಹತ್ತಿರದ ಹಳ್ಳಿಯೊಂದರ ಶಾಲೆಗೆ ವೈನಿ ಹೋಗಬೇಕಿತ್ತು. ಪುಸ್ತಕದ ಗಂಟು ದೊಡ್ಡದಿತ್ತು, ಚಕ್ಕಡಿಯಲ್ಲಿ ನಾನೂ ಹೋದೆ. ಹೋಗುವ ಮುಂದೆ ಅವ್ವನಿಗೆ, "ನಾವು ಬರೂದು ತಡಾ ಆಕ್ಕೈತಿ. ಬಿಸಲ ಏರಿದ್ರ ಚೀಟಿ ನೋಡಿ ಮಾಡು," ಎಂದೆ.

"ನೋಡಿ ಮಾಡ್ತೀನಿ, ಹೋಗಿ ಬರ್ರಿ," ಎಂದಳು ಅವ್ವ. ಆ ದನಿಯಲ್ಲಿ ಹೆಮ್ಮೆ ಇತ್ತು. ಇದು ಮಾತ್ರ ನನಗೆ ಖಂಡಿತ ನೆನಪಿದೆ.

ತಿರುಗಿ ಬಂದಾಗ ನಾಲ್ಕು ಗಂಟೆ. ಗಾಡಿಯ ಸುತ್ತ ಓಣಿಯ ಹೆಂಗಸರು ಐದಾರು ಮಂದಿ. ಬರ್ಫ ನೋಡಲು ಬಂದವರು. ಮಧ್ಯಾಹ್ನವಿಡೀ ಬಂದುಹೋಗಿದ್ದರಂತೆ, ಅವ್ವ ಬಾಗಿಲು ತೆರೆದು ತೋರಿಸಿದ್ದಳಂತೆ. ಅವರನ್ನು ಕಳಿಸಿ ವೈನಿ ಪೆಟ್ಟಿಗೆ ತೆರೆದಳು. ತಟ್ಟೆಯಲ್ಲಿ ಬರ್ಫ ಇರಲಿಲ್ಲ, ನೀರಿತ್ತು. ಬೆರಳು ಅದ್ದಿದಳು. ಅದು ಕೈಕಾಲು ತೊಳೆಯುವ ನೀರಿನಷ್ಟು ಬೆಚ್ಚಗಿತ್ತು.

ನಾನು ಮೊಣಕಾಲೂರಿ ಕೆಳಗೆ ನೋಡಿದೆ. ಕತ್ತಲೆ.

"ಅವ್ವಾ, ದೀಪ ಆರೇತಿ!"

"ಥೂ, ಬಾಯಾಗ ಏನ ಮಾತು! ಆರಿಲ್ಲ. ನಾನ ದೊಡ್ಡದ ಮಾಡೀನಿ."

"ದೊಡ್ಡದ ಮಾಡಿದ್ರ ಹಿಂಗ್ಯಾಕ ಐತಿ?"

"ದೊಡ್ಡದ ಮಾಡಿದ್ರ ಹಿಂಗ ಇರತೈತಿ. ಮತ್ತ ಹೆಂಗ ಇರಬೇಕು?"

ನಮ್ಮ ಮನೆಗಳಲ್ಲಿ ದೀಪ ಆರಿಸು ಎಂದು ಯಾರೂ ಅನ್ನುವುದಿಲ್ಲ, ಅದು ಅಪಶಕುನ. ದೀಪ ದೊಡ್ಡದು ಮಾಡು ಅನ್ನುತ್ತಾರೆ. ಹೊರಡುವವರು ಹೋಗುತ್ತೇನೆ ಅನ್ನದೆ ಬರುತ್ತೇನೆ ಅನ್ನುವ ಹಾಗೆ. ಆ ಮಾತನ್ನು ಕೇಳುತ್ತಲೇ ನಾನು ಬೆಳೆದದ್ದು, ನೂರು ಸಲ ದೇವರ ಮುಂದಿನ ದೀಪ ದೊಡ್ಡದು ಮಾಡಿದ್ದವನೂ ನಾನೇ. ಇಂಗ್ಲಿಷ್ ಪುಸ್ತಿಕೆಯನ್ನು ಮುಂದಿಟ್ಟುಕೊಂಡು ಬರೆಯುವಾಗ ಮಾತ್ರ ಆ ಕಿವಿ ಮುಚ್ಚಿಹೋಗಿತ್ತು. ಅವ್ವನ ತರ್ಕದಲ್ಲಿ ಒಂದು ಬಿರುಕೂ ಇರಲಿಲ್ಲ. ಬಿಸಿಲೇರಿದೆ, ಗಾಡಿ ಕಾದಿದೆ. ಕಾದ ಮನೆಯಲ್ಲಿ ಬೆಂಕಿ ಉರಿಸುವ ಹುಚ್ಚರು ಯಾರು? ಆರಿಸಬೇಕು ಎಂದು ಮಗ ಬರೆದಿದ್ದಾನೆ, ಸರಿಯಾಗಿಯೇ ಬರೆದಿದ್ದಾನೆ.

"ಚೀಟ್ಯಾಗ ಬರದಿ," ಅವ್ವ ಅಂದಳು. ಅವಳಿಗೂ ಅಷ್ಟರಲ್ಲಿ ಏನೋ ತಪ್ಪಿದೆ ಎಂದು ತಿಳಿಯತೊಡಗಿತ್ತು. "ಐದನೇದ್ದು. ಬಿಸಲೇರಿತ್ತು. ಊದಲಿಲ್ಲ ನಾ. ಕೈ ಮುಗದು, ದೊಡ್ಡದಾಗು ನನ್ನವ್ವಾ ಅಂದು, ಮೆಲ್ಲಕ ಬತ್ತಿ ಇಳಸೀನಿ."

ವೈನಿ ಔಷಧದ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದವಳು ತಿರುಗಿದಳು.

"ನೀವ ಓದಿದ್ರಿ, ಅತ್ಯಾರ? 'ದೊಡ್ಡದು' ಅಂತ? ಒತ್ತಕ್ಷರ ಸುದ್ದಾ?"

"ಎರಡ ಸಲ ಓದೀನಿ."

ವೈನಿ ಗಾಡಿಯ ಮೆಟ್ಟಿಲ ಮೇಲೆ ಕುಸಿದು ಕೂತಳು. ಅಳುತ್ತಾಳೆಂದುಕೊಂಡೆ. ನಗುತ್ತಿದ್ದಳು, ಸೆರಗು ಬಾಯಿಗಿಟ್ಟುಕೊಂಡು, ಮೈ ಕುಲುಕಿ. "ಇಪ್ಪತ್ತ ದಿನ ಶಾಲಿ ಶಾಲಿ ತಿರಗೀನಿ, ತಮ್ಮಾ. ಗಿಣಿ ಓದಿದಂಗ ಓದತಾವು ಹುಡಗ್ಯಾರು. ಓದಿದ್ದನ್ನ ತಿಳಕೊಂಡು ಮಾಡಿದವ್ರು ಇವರೊಬ್ರ."

"ಖರೆ ತಪ್ಪ ಆತಲ್ಲ ಮಗಳ," ಅವ್ವ ಅಂದಳು.

"ತಪ್ಪ ಓದಿದವ್ರದ್ದಲ್ಲ. ಬರದವ್ರದ್ದು." ನನ್ನತ್ತ ನೋಡಿದಳು. "ಶುದ್ಧ ಕನ್ನಡದವ್ರದ್ದು."

ಆದರೆ ನಗು ಮುಗಿದ ಮೇಲೆ ಬಾಟಲಿ ಅವಳ ಕೈಯಲ್ಲೇ ಇತ್ತು. ಮೂರು ಬಾಟಲಿಯೂ ಒಂದೇ ಬೆಚ್ಚಗೆ. ದ್ರವ ತಿಳಿನೀರಿನ ಹಾಗೆ, ನಿನ್ನೆಯಂತೆಯೇ. ಸತ್ತಿದೆಯೋ ಬದುಕಿದೆಯೋ ಹೇಳಲು ಅದಕ್ಕೆ ಮುಖವಿರಲಿಲ್ಲ. ಸಂಜೆಯ ಚುಚ್ಚುಮದ್ದಿಗೆ ಎರಡು ತಾಸು ಇತ್ತು.

"ಗದಗಿಗೆ ಹೋಗೂಣು. ಈಗ ಹೊಂಟ್ರ ಹೊತ್ತ ಮುಳಗೂದ್ರಾಗ ಮುಟ್ತೀವಿ," ಎಂದೆ.

"ಔಷಧ ಸತ್ರ ಬರ್ತೀನಿ ಅಂದೀನಿ. ಸತ್ತೈತೇನು?"

"ಗೊತ್ತಿಲ್ಲಲ್ಲ."

"ಗೊತ್ತ ಮಾಡ್ಕೊಳ್ಳೂಣು. ಇದನ್ನ ಚುಚ್ಚಿಕೊಳ್ತೀನಿ. ನಾಳಿ ಮುಂಜಾನೆ ಮೂತ್ರ ಪರೀಕ್ಷೆ ಹೇಳತೈತಿ. ಕೆಂಪಾದ್ರ ಗಾಡಿ ತಿರಗಸು, ನಾ ಬಾಯಿ ಬಿಡಂಗಿಲ್ಲ."

"ಬ್ಯಾಡ ಮಗಳ, ನನ್ನ ಮಾತ ಕೇಳು," ಅವ್ವ ಅವಳ ಕೈ ಹಿಡಿದಳು. "ನನ್ನ ಅಕ್ಷರದ ಸಲುವಾಗಿ ನೀ ಜೀವ ಒತ್ತಿ ಇಡಬ್ಯಾಡ."

"ನಿಮ್ಮ ಸಲುವಾಗಿ ಅಲ್ರಿ. ತಿರಿಗಿ ಹ್ವಾದ್ರ ಮತ್ತ ಆ ಕುಡಿಕಿ. ಒಂದ ರಾತ್ರಿಗೆ ಸಾಯಂಗಿಲ್ಲ ನಾನು. ಬಾಯಾರಕಿ ಆದ್ರ, ವಾಂತಿ ಬಂದ್ರ ಎಬ್ಬಸ್ತೀನಿ. ಆಗ ನಡೀರಿ."

ದೀಪ ಹಚ್ಚಿದೆ. ಪೆಟ್ಟಿಗೆ ಮತ್ತೆ ತಣಿಯಲು ಮರುದಿನ ಮಧ್ಯಾಹ್ನದವರೆಗೆ ಬೇಕು. ವೈನಿ ಅನುಮಾನದ ಔಷಧವನ್ನೇ ಸಿರಿಂಜಿಗೆ ಎಳೆದು ಚುಚ್ಚಿಕೊಂಡಳು, ಒಂದೂವರೆ ರೊಟ್ಟಿ ತಿಂದಳು. ಇಂಥ ಕಥೆಯಲ್ಲಿ ನಾನು ಬೆಳತನಕ ಕಣ್ಣು ಮುಚ್ಚದೆ ಕೂರಬೇಕು. ನಾನು ಮಲಗಿದೆ, ಗಾಢವಾಗಿ ನಿದ್ದೆ ಮಾಡಿದೆ. ಅವ್ವ ಮಾಡಲಿಲ್ಲವಂತೆ.

ಮುಂಜಾನೆ ಆರಕ್ಕೆ ಎದ್ದಾಗ ವೈನಿ ಸಾಮಾನು ಜೋಡಿಸುತ್ತಿದ್ದಳು. ಗಾಜಿನ ನಳಿಗೆ, ನಳಿಗೆ ಹಿಡಿಯುವ ಇಕ್ಕಳ, ಸ್ಪಿರಿಟ್ ದೀಪ, ನೀಲಿ ದ್ರಾವಣದ ಸೀಸೆ. ನಳಿಗೆಯಲ್ಲಿ ನೀಲಿ ದ್ರಾವಣ, ಅದಕ್ಕೆ ಎಂಟು ಹನಿ ಮೂತ್ರ, ಕುದಿಸಬೇಕು. ನೀಲಿಯಾಗಿಯೇ ಉಳಿದರೆ ಸಕ್ಕರೆ ಇಲ್ಲ. ಹಸಿರಾದರೆ ಸ್ವಲ್ಪ. ಕಿತ್ತಳೆಯಾದರೆ ಹೆಚ್ಚು. ಇಟ್ಟಂಗಿ ಕೆಂಪಾದರೆ ಔಷಧ ಸತ್ತಿದೆ. ಇಕ್ಕಳವನ್ನು ಅವಳು ಅವ್ವನ ಕೈಗೆ ಕೊಟ್ಟಳು.

"ನೀವ ಓದ್ರಿ."

"ನಾ ಇನ್ನ ಏನೂ ಓದಂಗಿಲ್ಲ. ಸಾಕು ನನಗ."

"ಅಕ್ಷರ ಅಲ್ರಿ ಇದು. ಬಣ್ಣ. ಬಾಯಿ ಹೊರಗ ಮಾಡಿ ಹಿಡೀರಿ, ಇಲ್ಲಾಂದ್ರ ಸಿಡಿತೈತಿ."

ಅವ್ವ ಹಿಡಿದಳು. ನಳಿಗೆಯನ್ನು ಸ್ಪಿರಿಟ್ ದೀಪದ ಜ್ವಾಲೆಯ ಮೇಲೆ ತಂದಳು. ಮೂವರೂ ತಲೆಗೆ ತಲೆ ತಾಗಿಸಿ ಬಗ್ಗಿದೆವು. ಕುದಿ ಬಂತು. ಒಬ್ಬ ಹೆಂಗಸಿನ ಮೈಯೊಳಗೆ ರಾತ್ರಿಯಿಡೀ ಕಾಣದ ಹಾಗೆ ನಡೆದದ್ದು ಬೆರಳುದ್ದದ ಗಾಜಿನಲ್ಲಿ ಬಣ್ಣವಾಗಿ ಮೇಲೆ ಬರಲಿತ್ತು. ಆ ಅರ್ಧ ನಿಮಿಷದಷ್ಟು ದೊಡ್ಡ ವಿಸ್ಮಯವನ್ನು ನಾನು ಆಮೇಲೆ ಯಾವ ದೇವಾಲಯದಲ್ಲೂ ಯಾವ ಪುಸ್ತಕದಲ್ಲೂ ಕಂಡಿಲ್ಲ.

"ನೀಲಿ," ಅವ್ವ ಅಂದಳು. ತಡೆದಳು. "ನೀಲಿನ ಐತಿ. ಅಂಚಿಗೆ ಒಂಚೂರ ಹಸರ."

"ಕುದಸ್ರಿ ಇನ್ನಷ್ಟು."

"ಅಷ್ಟ. ಮುಂದ ಹೋಗವಲ್ದು."

ವೈನಿ ಉಸಿರು ಬಿಟ್ಟಳು. "ಬದಕೈತಿ."

ಅದು ನನ್ನ ನೆನಪಿನಲ್ಲಿ ಹಸಿರೇ ಆಗಿತ್ತು, ಎಳೆಯ ಬೇವಿನೆಲೆಯಂಥ ಹಸಿರು. ವೈನಿ ಕೊನೆಯವರೆಗೂ ಅದು ಶುದ್ಧ ನೀಲಿ ಎಂದೇ ವಾದಿಸಿದಳು. ಅವ್ವನನ್ನು ಕೇಳಿದರೆ, "ಬಣ್ಣ ಬಿಡ್ರೋ, ಅಕಿ ಎದ್ದು ಹಸದೀನಿ ಅಂದ್ಲು," ಎನ್ನುತ್ತಿದ್ದಳು. ಮೂರರಲ್ಲಿ ಯಾವುದನ್ನೂ ತಿದ್ದುವ ಅಧಿಕಾರ ನನಗಿಲ್ಲ.

ವೈನಿ ಮುಂಜಾನೆಯ ಔಷಧ ಚುಚ್ಚಿಕೊಂಡಳು, ರೊಟ್ಟಿ ತಿಂದಳು, ನಿರಿಗೆ ಸರಿ ಮಾಡಿಕೊಂಡು ಪುಸ್ತಕದ ಚೀಲ ಎತ್ತಿದಳು. ಮುಂಡರಗಿಯ ಶಾಲೆ ಏಳಕ್ಕೆ ಶುರು. ಆಗ ಒಂದು ತೊಡಕು ಎದ್ದಿತು. ಪೆಟ್ಟಿಗೆ ಇನ್ನೂ ಬೆಚ್ಚಗೇ ಇತ್ತು, ಬಿಸಿಲು ಆಗಲೇ ಏರುತ್ತಿತ್ತು. ಒಂದು ಸಲ ಬದುಕಿದ ಔಷಧ ಎರಡನೆಯ ಸಲವೂ ಬದುಕೀತೆಂದು ಯಾರು ಹೇಳಬೇಕು?

"ಶಾಲಿ ಕಲ್ಲಿನ ಕಟ್ಟಡ," ವೈನಿ ಅಂದಳು. "ಗೋಡಿ ಒಂದ ಮೊಳ ದಪ್ಪ, ಒಳಗ ತಂಪ ಇರತೈತಿ. ಅತ್ಯಾರ, ನಡೀರಿ ನನ್ನ ಜೋಡಿ."

ಅವ್ವ ಮೂರು ಬಾಟಲಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಚರಿಗೆ ನೀರು ಹಿಡಿದು ಹೊರಟಳು. ನಾನು ದೀಪದ ಬಳಿ ಉಳಿಯಬೇಕಿತ್ತು. ಒಂಬತ್ತರ ಸುಮಾರಿಗೆ ತಡೆಯಲಾಗದೆ ಹೋಗಿ ಕಿಟಕಿಯಿಂದ ನೋಡಿದೆ. ಹುಡುಗಿಯರು ಸಾಲಾಗಿ ನೆಲದ ಮೇಲೆ ಕೂತಿದ್ದರು. ಎಲ್ಲರ ಹಿಂದೆ, ಗೋಡೆಗೆ ಒರಗಿ, ಮಡಿಲಲ್ಲಿ ಒದ್ದೆ ಗಂಟು ಇಟ್ಟುಕೊಂಡು ಅವ್ವ ಕೂತಿದ್ದಳು. ಒಬ್ಬ ಹುಡುಗಿ ಎದ್ದು ನಿಂತು ಪಾಠ ಓದುತ್ತಿದ್ದಳು, ವೈನಿ ಕೈ ಕಟ್ಟಿ ಕೇಳುತ್ತಿದ್ದಳು. ಅವ್ವ ಪಕ್ಕದ ಹುಡುಗಿಯ ಪುಸ್ತಕದತ್ತ ಕತ್ತು ಚಾಚಿದ್ದಳು. ತುಟಿ ಅಲುಗುತ್ತಿದ್ದವು. ಒಂದು ಸಾಲು ಮುಗಿದಾಗಲೊಮ್ಮೆ ಚರಿಗೆಯಲ್ಲಿ ಬೆರಳದ್ದಿ ಗಂಟಿನ ಮೇಲೆ ನೀರು ಚಿಮುಕಿಸಿ, ಮತ್ತೆ ಮುಂದಿನ ಸಾಲಿಗೆ ಬಗ್ಗುತ್ತಿದ್ದಳು.